ಮೀಟರ್ ಗೇಜ್ ಹಳಿಯ ಲೆಕ್ಕ

ನಮ್ಮ ಹಿರಿಯರು ದಾರಿಯನ್ನು ಮೈಲಿಯಲ್ಲೂ ಬಟ್ಟೆಯನ್ನು ಗಜದಲ್ಲೂ ರಾಗಿಯನ್ನು ಸೇರಿನಲ್ಲೂ ಅಳೆಯುತ್ತಿದ್ದ ಕಾಲದಲ್ಲೇ 'ಮೀಟರ್' ಚಾಮರಾಜನಗರಕ್ಕೆ ಬಂದಿತ್ತು. ಅಂಗಡಿಗಲ್ಲ, ರೈಲು ಹಳಿಗೆ. 1926ರಲ್ಲಿ ಇಲ್ಲಿಗೆ ಬಂದ ರೈಲಿನ ಎರಡು ಹಳಿಗಳ ನಡುವಿನ ಅಂತರ ಸರಿಯಾಗಿ ಒಂದು ಮೀಟರ್. ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಆದದ್ದು ಅದಾಗಿ ಮೂವತ್ತು ವರ್ಷದ ನಂತರ, 1956ರಲ್ಲಿ!

ಇದರ ಹಿಂದೊಂದು ಕಥೆಯಿದೆ. ಭಾರತದ ಮೊದಲ ರೈಲುಗಳು ಅಗಲ ಹಳಿಯವು. ಇಂದಿನ ಲೆಕ್ಕದಲ್ಲಿ 1,676 ಮಿಲಿಮೀಟರ್. ಅದಕ್ಕೆ ಖರ್ಚು ಹೆಚ್ಚು. ವೈಸರಾಯ್ ಲಾರ್ಡ್ ಮೇಯೊ 1870ರಲ್ಲಿ ಖರ್ಚು ತಗ್ಗಿಸಲು ಕಿರಿದಾದ ಹಳಿಯನ್ನು ಒಪ್ಪಿದ. ದೇಶಕ್ಕೆ ಮೆಟ್ರಿಕ್ ಪದ್ಧತಿ ಇನ್ನೇನು ಬಂದೇಬಿಡುತ್ತದೆ ಎಂದು ಅದಕ್ಕೆ ಒಂದು ಮೀಟರ್ ಅಗಲವನ್ನೇ ಗೊತ್ತುಮಾಡಿದರು. ಪದ್ಧತಿ ಬರಲಿಲ್ಲ, ಹಳಿ ಬಂತು. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ, 1891ರಲ್ಲಿ ನಂಜನಗೂಡಿಗೆ, ಕೊನೆಗೆ ನಮ್ಮೂರಿಗೆ. ಮುಂದೆ ಕಾಡು ಮತ್ತು ಘಟ್ಟ. ಆದ್ದರಿಂದ ನಮ್ಮದು ಕೊನೆಯ ನಿಲ್ದಾಣವಾಗಿಯೇ ಉಳಿಯಿತು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಲ್ಲಿ ಬಿಎಸ್ಸಿ ಓದಿದ್ದು ಈ ರೈಲಿನಿಂದ. ಹಾಸ್ಟೆಲಿನ ಖರ್ಚು ಅಪ್ಪನ ಕೈಗೆ ಎಟುಕುವಂತಿರಲಿಲ್ಲ. ವಿದ್ಯಾರ್ಥಿ ಪಾಸು ಎಟುಕುತ್ತಿತ್ತು. ಬದನಗುಪ್ಪೆ, ಕವಲಂದೆ, ನಂಜನಗೂಡು, ಕಡಕೊಳ ಎಂದು ನಿಂತು ನಿಂತು ಹೋಗುವ ಗಾಡಿಯಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ತರಕಾರಿ ಮಂಕರಿಗಳ ನಡುವೆ ಕೂತು ರೆಕಾರ್ಡ್ ಪುಸ್ತಕ ಬರೆದವರು ನಾವು.

ಹಳಿ ನಮಗೆ ಪಾಠವನ್ನೂ ಹೇಳಿತು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಹಳಿಯ ತುಂಡುಗಳ ನಡುವೆ ಸಣ್ಣ ಸಂದು ಬಿಡುತ್ತಿದ್ದರು. ಚಕ್ರ ಸಂದು ದಾಟಿದಾಗಲೆಲ್ಲ 'ಟಕ್' ಎಂಬ ಸದ್ದು. ಮೀಟರ್ ಗೇಜಿನಲ್ಲಿ ಹಳಿಯ ಒಂದು ತುಂಡು ಸಾಮಾನ್ಯವಾಗಿ 12 ಮೀಟರ್. ಸೆಕೆಂಡಿಗೆ ಒಂದು ತುಂಡು ದಾಟಿದರೆ ಗಂಟೆಗೆ 43.2 ಕಿಲೋಮೀಟರ್ ವೇಗ. ಹಾಗಾದರೆ ನಮ್ಮ ಕೆಳಗಿನ ಒಂದೇ ಚಕ್ರದ ಟಕ್ಕುಗಳನ್ನು 43 ಸೆಕೆಂಡು ಎಣಿಸಿದರೆ ಸಾಕು, ಬಂದ ಸಂಖ್ಯೆಯೇ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು. ಈಗ ಹಳಿಗಳನ್ನು ಉದ್ದಕ್ಕೂ ಬೆಸೆದಿರುವುದರಿಂದ ಆ ಸದ್ದು ಅಪರೂಪ.

ದಾರಿಯಲ್ಲಿ ಇನ್ನೊಬ್ಬ ಮೇಷ್ಟರಿದ್ದ: ಕಪಿಲೆಯ ಮೇಲಿನ ಹಳೆಯ ಸೇತುವೆ. 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ್ದು. ಆಗ ಜಗತ್ತಿನಲ್ಲಿ ಉಗಿಬಂಡಿಯೇ ಇರಲಿಲ್ಲ. ಎತ್ತಿನ ಗಾಡಿಗೆಂದು ಕಟ್ಟಿದ ಸೇತುವೆಯ ಮೇಲೆ ಒಂದೂವರೆ ಶತಮಾನ ಕಳೆದ ಮೇಲೆ ರೈಲು ಓಡಿತು, ಪಕ್ಕದಲ್ಲೇ ರಸ್ತೆಯೂ ಇತ್ತು. ಹೇಗೆ ತಾಳಿತು? ಕಲ್ಲಿಗೆ ಎಳೆತ ತಡೆಯುವ ಶಕ್ತಿ ಕಡಿಮೆ, ಒತ್ತಡ ತಡೆಯುವ ಶಕ್ತಿ ಬಹಳ. ಕಮಾನು ಮೇಲಿನ ಭಾರವನ್ನೆಲ್ಲ ಒತ್ತಡವಾಗಿಸಿ ಕಂಬಗಳಿಗೆ ದಾಟಿಸುತ್ತದೆ. ಪುಸ್ತಕದಲ್ಲಿ ಎರಡು ಸಾಲಿನ ಈ ವಿಷಯ ಅಲ್ಲಿ ಕಣ್ಣೆದುರು ನಿಂತಿದೆ.

ತೊಂಬತ್ತರ ದಶಕದಲ್ಲಿ ಬೆಂಗಳೂರು-ಮೈಸೂರು ಮಾರ್ಗ ಬ್ರಾಡ್‌ಗೇಜ್ ಆಯಿತು. ನಮ್ಮದು ಹಾಗೆಯೇ ಉಳಿದು, ಮೈಸೂರಿನಲ್ಲಿ ಇಳಿದು ಗಾಡಿ ಬದಲಿಸುವ ಕಷ್ಟ ಶುರುವಾಯಿತು. ಕೊನೆಗೆ 2007ರಲ್ಲಿ ಹಳೆಯ ಸೇತುವೆಯ ಮೇಲೆ ರೈಲು ನಿಂತಿತು. ಪಕ್ಕದಲ್ಲಿ ಹೊಸ ಸೇತುವೆ ಎದ್ದಿತು, ಆ ದಶಕ ಮುಗಿಯುವ ಮುನ್ನ ಅಗಲ ಹಳಿಯ ಗಾಡಿ ಚಾಮರಾಜನಗರ ಮುಟ್ಟಿತು. ಇಂದು ಇಲ್ಲಿ ಹತ್ತಿದ ಡಬ್ಬಿಯಲ್ಲೇ ಬೆಂಗಳೂರಿಗೆ ಹೋಗಬಹುದು. ಹಳೆಯದು ಹೋಯಿತೆಂದು ನಾನು ಕೊರಗುವವನಲ್ಲ.

ಆದರೆ ನಾನು ಈಗ ಪಾಠ ಮಾಡುವುದು ಗುಂಡ್ಲುಪೇಟೆ ಕಡೆಯಲ್ಲಿ. ಇಲ್ಲಿ ಮುಚ್ಚಿದ ನಿಲ್ದಾಣವಿಲ್ಲ, ತೆರೆದದ್ದೇ ಇಲ್ಲವಲ್ಲ! ನಂಜನಗೂಡಿನಿಂದ ಕೇರಳದ ನಿಲಂಬೂರಿಗೆ ರೈಲು ಮಾರ್ಗದ ಮಾತು ಆಗಾಗ ಏಳುತ್ತದೆ. ನಡುವೆ ಬಂಡೀಪುರ, ವಯನಾಡಿನ ಕಾಡುಗಳಿವೆ. ಪ್ರಾಣಿಗಳಿಗಾಗಿ 2009ರಿಂದ ಬಂಡೀಪುರದ ಹೆದ್ದಾರಿಯಲ್ಲೇ ರಾತ್ರಿ ಸಂಚಾರಕ್ಕೆ ತಡೆಯಿದೆ. ಅದು ಸರಿಯೇ. ಆನೆಯ ದಾರಿ ನಮ್ಮ ದಾರಿಗಿಂತ ಹಳೆಯದು. ಕಾಡಿನೊಳಗೆ ಹಳಿ ಬೇಡ.

ಕಾಡಿಗಿಂತ ಈಚೆಗೆ, ಊರಿಂದ ಕಾಲೇಜಿಗೆ ಮಕ್ಕಳು ಹೋಗಿಬರುವ ದಾರಿಯ ಮಾತೇ ಬೇರೆ. ಕೆಲವು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು. ಮೈಸೂರಿಗೆ ಕಳಿಸಿ ಎಂದು ಅವಳ ತಂದೆಗೆ ಹೇಳಿದೆ. ಅವರು ಫೀಸು ಎಷ್ಟೆಂದು ಕೇಳಲಿಲ್ಲ. "ಸಂಜೆ ಎಷ್ಟೊತ್ತಿಗೆ ಮನೆ ಸೇರ್ತಾಳೆ ಸಾರ್?" ಎಂದರು. ಎರಡು ಬಸ್ಸು ಬದಲಿಸಿ, ಊರ ಕೈಮರದಿಂದ ಕತ್ತಲಲ್ಲಿ ನಡೆದು ಬರುವ ಹೊತ್ತನ್ನು ಲೆಕ್ಕ ಹಾಕಿದೆವು. ಅವಳು ಹತ್ತಿರದಲ್ಲಿ ಸಿಕ್ಕಿದ ಬೇರೆ ಕೋರ್ಸಿಗೆ ಸೇರಿದಳು. ನನ್ನ ಕಾಲಕ್ಕೆ ಸಮಯಕ್ಕೊಂದು ಗಾಡಿ ಇತ್ತು ಎಂಬುದಷ್ಟೇ ಅವಳಿಗೂ ನನಗೂ ಇದ್ದ ವ್ಯತ್ಯಾಸ. ಬುದ್ಧಿಯಲ್ಲಿ ಅವಳೇ ಮೇಲು.

ಪೋಷಕರೇ, ಶ್ರೀಕಂಠೇಶ್ವರನ ದರ್ಶನಕ್ಕೆ ಹೋದಾಗ ಮಕ್ಕಳಿಗೆ ಆ ಹಳೆಯ ಸೇತುವೆ ತೋರಿಸಿ. ಊರಿಗೆ ಮರಳಿದ ಮೇಲೆ, ಸಂಜೆ ಕಾಲೇಜು ಬಿಡುವ ಹೊತ್ತಿಗೊಂದು ಬಸ್ಸು ಬೇಕೆಂದು ನಾಲ್ಕು ಜನ ಸೇರಿ ಅರ್ಜಿ ಬರೆಯಿರಿ. ಹಳಿ ಹಾಕಲು ವರ್ಷಗಳು ಬೇಕು, ಬಸ್ಸಿನ ವೇಳಾಪಟ್ಟಿ ತಿದ್ದಲು ಅಷ್ಟು ಕಾಲ ಬೇಡ.