ಅವಳಿಗೆ ತಾರೀಕಾದರೂ ಗೊತ್ತಿತ್ತು

ಒಂದು ಕಾದಂಬರಿಯನ್ನು ಹತ್ತು ಜನ ಹೊಗಳಿದರೆ ನನಗೆ ಓದುವ ಆಸೆ ಅಷ್ಟಾಗಿ ಹುಟ್ಟುವುದಿಲ್ಲ. ಐದು ಜನ ಹೊಗಳಿ ಐದು ಜನ ಬೈದರೆ ಮಾತ್ರ ಆ ರಾತ್ರಿಯೇ ತರಿಸಿಕೊಂಡುಬಿಡುತ್ತೇನೆ. ಆಡ್ರಿ ನಿಫೆನೆಗರ್ ಬರೆದ ‘ದಿ ಟೈಮ್ ಟ್ರಾವೆಲರ್ಸ್ ವೈಫ್’ ಈ ಎರಡನೇ ಜಾತಿಯದು. 2003ರಲ್ಲಿ ಬಂದ ಪುಸ್ತಕ. ಲೇಖಕಿ ಶಿಕಾಗೋದ ಚಿತ್ರಕಲಾವಿದೆ, ಇದು ಆಕೆಯ ಮೊದಲ ಕಾದಂಬರಿ, ಪ್ರಕಾಶಕರೂ ಸಣ್ಣವರೇ. ಆದರೂ ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. 2009ರಲ್ಲಿ ಸಿನಿಮಾ ಆಯಿತು. 2022ರಲ್ಲಿ ಎಚ್‌ಬಿಓ ಧಾರಾವಾಹಿ ಮಾಡಿ, ಒಂದೇ ಸೀಸನ್ನಿಗೆ ಅಂಗಡಿ ಮುಚ್ಚಿತು.

ಓದದವರಿಗೆ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೆನ್ರಿ ಲೈಬ್ರರಿಯಲ್ಲಿ ಕೆಲಸ ಮಾಡುವವನು. ಅವನಿಗೊಂದು ಕಾಯಿಲೆ. ಇದ್ದಕ್ಕಿದ್ದ ಹಾಗೆ ಇದ್ದಲ್ಲಿಂದ ಮಾಯವಾಗಿ ಬೇರೆ ಯಾವುದೋ ಕಾಲದಲ್ಲಿ ಹೋಗಿ ಬೀಳುತ್ತಾನೆ. ಯಾವಾಗ, ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವುದೂ ಅವನ ಕೈಯಲ್ಲಿಲ್ಲ. ಮೈಮೇಲಿನ ಬಟ್ಟೆಯೂ ಜೊತೆಗೆ ಹೋಗುವುದಿಲ್ಲ. ಕ್ಲೇರ್ ಅವನ ಹೆಂಡತಿ. ಅವಳಿಗೆ ಆರು ವರ್ಷವಾಗಿದ್ದಾಗ, ಅವಳ ಮನೆ ಹಿಂದಿನ ಹುಲ್ಲುಗಾವಲಿನಲ್ಲಿ ಮೂವತ್ತಾರರ ಹೆನ್ರಿ ಮೊದಲ ಸಲ ಕಾಣಿಸಿಕೊಳ್ಳುತ್ತಾನೆ. ಅವನ ಕಾಲದಲ್ಲಿ ಅವರಿಬ್ಬರಿಗೆ ಆಗಲೇ ಮದುವೆಯಾಗಿದೆ. ಅವಳ ಕಾಲದಲ್ಲಿ ಅವನು ಪೊದೆಯ ಹಿಂದಿನ ಅಪರಿಚಿತ. ಮುಂದೆ ತಾನು ಯಾವ್ಯಾವ ದಿನ ಬರುತ್ತೇನೆ ಅಂತ ಅವನು ಹೇಳಿ ಬರೆಸುತ್ತಾನೆ. ಒಟ್ಟು 152 ತಾರೀಕು. ಅವನಿಗಾಗಿ ಬಟ್ಟೆ, ತಿಂಡಿ ಮುಚ್ಚಿಟ್ಟುಕೊಂಡು ಹುಡುಗಿ ಕಾಯುತ್ತಾ ಬೆಳೆಯುತ್ತಾಳೆ.

ಇದರ ಮೇಲಿನ ಟೀಕೆಗಳನ್ನು ಮೂರು ಗಂಟು ಕಟ್ಟಬಹುದು. ಮೊದಲನೆಯದು ಜಾತಿ ಜಗಳ. ಇದು ವೈಜ್ಞಾನಿಕ ಕಾದಂಬರಿಯೋ, ಪ್ರೇಮಕಥೆಯೋ? ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೂ ಹೋದ ಪುಸ್ತಕವನ್ನು ‘ಹೆಂಗಸರ ಓದು’ ಅಂತ ಪಕ್ಕಕ್ಕಿಟ್ಟವರಿದ್ದಾರೆ. ಎರಡನೆಯದು ಗಂಭೀರವಾದದ್ದು. ದೊಡ್ಡ ಗಂಡಸೊಬ್ಬ ಪುಟ್ಟ ಹುಡುಗಿಯ ಬಳಿ ಹೋಗಿ, ‘ಮುಂದೆ ನೀನೇ ನನ್ನ ಹೆಂಡತಿ’ ಅನ್ನುವುದನ್ನು ಅವಳ ತಲೆಯೊಳಗೆ ಬೆಳೆಸುವುದಕ್ಕೆ ಪ್ರೀತಿ ಅಂತ ಹೆಸರೇ? ಪುಸ್ತಕ ಬಂದ ಹೊಸತರಲ್ಲಿ ಅಷ್ಟಾಗಿ ಕೇಳದಿದ್ದ ಈ ಮಾತು ಧಾರಾವಾಹಿ ಬರುವ ಹೊತ್ತಿಗೆ ಜೋರಾಯಿತು. ಮೂರನೆಯದು, ಕ್ಲೇರ್ ಬರೀ ಕಾಯುತ್ತಾಳೆ ಅನ್ನುವುದು. ಶೀರ್ಷಿಕೆಯಲ್ಲಿ ಅವಳ ಹೆಸರು ಕೂಡ ಇಲ್ಲ. ಪ್ರಯಾಣ ಅವನದು, ಇವಳು ಪ್ರಯಾಣಿಕನ ಹೆಂಡತಿ.

ಕಾಲ ದಾಟುವ ಮದುವೆ ನಮಗೆ ಹೊಸದೇನಲ್ಲ. ರೇವತಿಯ ಕಥೆ ನೆನಪಿದೆಯಾ? ಮಗಳಿಗೆ ತಕ್ಕ ಗಂಡು ಯಾರು ಅಂತ ಕೇಳಲು ಕಕುದ್ಮಿ ರಾಜ ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೆಯುತ್ತಿತ್ತು, ಸ್ವಲ್ಪ ಕಾದರು. ಆ ಸ್ವಲ್ಪ ಹೊತ್ತಿನಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗ ಕಳೆದು, ಅವರಿಗೆ ಗೊತ್ತಿದ್ದ ಗಂಡುಗಳೆಲ್ಲ ಹೆಸರಿಲ್ಲದೆ ಹೋಗಿದ್ದರು. ಬಲರಾಮನಿಗೆ ಕೊಡು ಅಂದ ಬ್ರಹ್ಮ. ಹಳೇ ಯುಗದ ಹುಡುಗಿ ಬಹಳ ಎತ್ತರವಿದ್ದಳಂತೆ, ಬಲರಾಮ ನೇಗಿಲಿನಿಂದ ಎಳೆದು ತನ್ನ ಅಳತೆಗೆ ತಂದುಕೊಂಡನಂತೆ. ಇಡೀ ಕಥೆಯಲ್ಲಿ ರೇವತಿಯ ಅಭಿಪ್ರಾಯ ಕೇಳಿದವರಿಲ್ಲ. ಆ ಲೆಕ್ಕದಲ್ಲಿ ಶಿಕಾಗೋದ ಕಾದಂಬರಿ ವಾಸಿ, ಅರ್ಧ ಪುಸ್ತಕ ಕ್ಲೇರಳ ಬಾಯಲ್ಲೇ ಇದೆ.

ಬೆಂಗಳೂರಿನಲ್ಲಿ ನಾವು ಏಳೆಂಟು ಗೆಳತಿಯರು ತಿಂಗಳಿಗೊಂದು ಪುಸ್ತಕ ಓದುತ್ತೇವೆ. ಜುಲೈ ತಿಂಗಳಿಗೆ ಇದೇ ಪುಸ್ತಕ. ಆ ತಿಂಗಳು ನಾನು ಮಡಿಕೇರಿಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದೆ, ವರ್ಕ್ ಫ್ರಮ್ ಹೋಮ್. ಹೊರಗೆ ಧಾರಾಕಾರ ಮಳೆ, ಒಳಗೆ ವಿಡಿಯೋ ಕಾಲ್. ‘ಅವಳಿಗೊಂದು ಬೆನ್ನೆಲುಬು ಬೇಡ್ವಾ?’ ಅಂದಳು ಒಬ್ಬಳು. ‘ಕಾಯೋದನ್ನೇ ಪ್ರೀತಿ ಅಂತ ಮಾರ್ತಿದ್ದಾರೆ ಕಣ್ರೇ’ ಅಂದಳು ಇನ್ನೊಬ್ಬಳು. ಎಲ್ಲರೂ ಹೌದು ಹೌದು ಅಂದರು. ನಾನು ಸುಮ್ಮನಿದ್ದೆ. ನನ್ನ ಗಂಡನಿಗೆ ಆ ವಾರವಷ್ಟೇ ಜರ್ಮನಿಯಲ್ಲಿ ಎರಡು ವರ್ಷದ ಕೆಲಸದ ಆಫರ್ ಬಂದಿತ್ತು. ನನ್ನ ಕೆಲಸ ಇಲ್ಲಿ, ನಾಲ್ಕು ವರ್ಷದ ಮಗಳ ಸ್ಕೂಲು ಇಲ್ಲಿ, ಅವನ ಅಪ್ಪನ ಡಯಾಲಿಸಿಸ್ ಇಲ್ಲಿ. ‘ಎರಡೇ ವರ್ಷ ಮಾರಾಯ್ತಿ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಹೋಗುತ್ತೆ’ ಅಂದಿದ್ದ ಅವನು.

ಅವನ ಕಣ್ಣು ಅಂತ ಸೇರಿಸಬೇಕಿತ್ತು.

ಕಾಲ್ ಮುಗಿಸಿ ಅಡುಗೆಮನೆಗೆ ಬಂದರೆ ಅಮ್ಮ ಕಣಿಲೆ ಹೆಚ್ಚುತ್ತಿದ್ದಳು. ಎದುರಿಗೆ ಕೂತು ಕಥೆ ಹೇಳಿದೆ. ನಲವತ್ತರ ಹತ್ತಿರದ ಗಂಡಸು ಬಟ್ಟೆಯಿಲ್ಲದೆ ಆರು ವರ್ಷದ ಹುಡುಗಿಯ ಮುಂದೆ ಪ್ರತ್ಯಕ್ಷನಾಗುವಲ್ಲಿಗೇ ಅಮ್ಮ ಕತ್ತಿ ಕೆಳಗಿಟ್ಟಳು.

‘ಅವಳ ಅಮ್ಮ ಎಲ್ಲಿದ್ದಳು ಆಗ?’

‘ಮನೆಯೊಳಗೆ. ಯಾರಿಗೂ ಗೊತ್ತಿರೋದಿಲ್ಲ.’

‘ಇದೆಂತ ಪ್ರೀತಿಯ ಕಥೆ ಮಾರಾಯ್ತಿ!’

ಎಷ್ಟೋ ವಿಮರ್ಶಕರು ಇಪ್ಪತ್ತು ವರ್ಷ ತಡವಾಗಿ ತಲುಪಿದ ಜಾಗಕ್ಕೆ ಅಮ್ಮ ಅರ್ಧ ನಿಮಿಷದಲ್ಲಿ ತಲುಪಿದ್ದಳು. ಪುಸ್ತಕದ ಪರ ವಕಾಲತ್ತು ಮಾಡುವವರು ಹೇಳುವುದನ್ನೂ ಹೇಳಿದೆ. ಹೆನ್ರಿ ಬೇಕೆಂದು ಅಲ್ಲಿಗೆ ಹೋಗುವುದಿಲ್ಲ, ಅವಳಿಗೆ ಹದಿನೆಂಟಾಗುವ ತನಕ ಗೆರೆ ದಾಟುವುದಿಲ್ಲ, ಆಮೇಲೆ 1991ರಲ್ಲಿ ಇಪ್ಪತ್ತರ ಕ್ಲೇರ್ ಲೈಬ್ರರಿಯಲ್ಲಿ ಇಪ್ಪತ್ತೆಂಟರ ಹೆನ್ರಿಯನ್ನು ಕಂಡಾಗ ಅವನಿಗೆ ಅವಳು ಯಾರೆಂದೇ ಗೊತ್ತಿಲ್ಲ, ಎಲ್ಲ ಗೊತ್ತಿರುವವಳು ಅವಳೇ. ಅಮ್ಮ ಕೇಳಿಸಿಕೊಂಡಳು, ಒಪ್ಪಿದ ಹಾಗೆ ಕಾಣಲಿಲ್ಲ. ತಾರೀಕಿನ ಪಟ್ಟಿಯ ವಿಷಯ ಬಂದಾಗ ಮಾತ್ರ ಅವಳ ಮುಖ ಬೇರೆಯಾಯಿತು.

‘ಅವಳಿಗೆ ತಾರೀಕಾದರೂ ಗೊತ್ತಿತ್ತಲ್ಲ’ ಅಂದಳು.

ಅಪ್ಪ ಸೈನ್ಯದಲ್ಲಿದ್ದವರು. ಕೊಡಗಿನಲ್ಲಿ ಇದೇನು ದೊಡ್ಡ ಸುದ್ದಿಯಲ್ಲ, ಮನೆಗೊಬ್ಬರು ಅನ್ನುವ ಹಾಗೆ ಇರುತ್ತಾರೆ. 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪ ಇಲ್ಲಿಯವರು. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯ ಹುಟ್ಟಿದ್ದು ಮಡಿಕೇರಿಯಲ್ಲೇ, ಅವರ ಮನೆ ‘ಸನ್ನಿ ಸೈಡ್’ 2021ರಿಂದ ಮ್ಯೂಸಿಯಂ ಆಗಿದೆ. ಊರಿಗೆ ಬಂದ ಗೆಳೆಯರನ್ನು ರಾಜಾಸೀಟು, ಕೋಟೆ ತೋರಿಸಿ ಅಲ್ಲಿಗೂ ಕರೆದುಕೊಂಡು ಹೋಗುತ್ತೇನೆ. ಯುದ್ಧಕ್ಕೆ ಹೋದವರಿಗೆ ಈ ಊರಲ್ಲಿ ಪ್ರತಿಮೆಗಳಿವೆ. ಮನೆಯಲ್ಲಿ ಕಾದವರಿಗೆ ಎಂತ ಕಟ್ಟುವುದು?

ಅಪ್ಪನಿಗೆ ಕಾಗದ ಬರೆಯಬೇಕಾದರೆ ವಿಳಾಸದಲ್ಲಿ ಊರಿನ ಹೆಸರಿರುತ್ತಿರಲಿಲ್ಲ. ಹೆಸರು, ನಂಬರು, ಯೂನಿಟ್, ಕೆಳಗೆ ‘56 ಎಪಿಓ’. ಆತ ಹಿಮದಲ್ಲಿದ್ದಾರೋ ಮರಳಿನಲ್ಲಿದ್ದಾರೋ ಕಾಗದದಿಂದ ತಿಳಿಯುತ್ತಿರಲಿಲ್ಲ. 1999ರ ಕಾರ್ಗಿಲ್ ಸಮಯದಲ್ಲಿ ನನಗೆ ಎಂಟು ವರ್ಷ. ಮಳೆಗೆ ಕರೆಂಟು ಹೋದರೆ ಮೂರು ದಿನ ಬರುತ್ತಿರಲಿಲ್ಲ, ಟಿವಿ ಇಲ್ಲ. ಅಮ್ಮ ಬ್ಯಾಟರಿ ರೇಡಿಯೋ ಹಚ್ಚುತ್ತಿದ್ದಳು, ಬೆಳಿಗ್ಗೆ ‘ಶಕ್ತಿ’ ಪತ್ರಿಕೆ ಬಂದರೆ ನಿಂತಲ್ಲೇ ಓದಿ ಮಡಚಿಟ್ಟು ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದಳು. ಬೀರುವಿನಲ್ಲಿದ್ದ ಅಪ್ಪನ ಬಟ್ಟೆಗಳಿಗೆ ಬೂಸ್ಟು ಹಿಡಿಯುತ್ತಿತ್ತು. ಮಡಿಕೇರಿಯ ಮಳೆಗಾಲ ಕಂಡವರಿಗೆ ಹೇಳಬೇಕಿಲ್ಲ. ವಾರಕ್ಕೊಮ್ಮೆ ಅವನ್ನು ತೆಗೆದು, ಒರೆಸಿ, ಒಲೆಯ ಮೇಲಿನ ಹಗ್ಗದಲ್ಲಿ ಹರವಿ, ಹೊಗೆವಾಸನೆ ಹೋಗುವ ತನಕ ಗಾಳಿಗಿಟ್ಟು, ಮತ್ತೆ ಮಡಚಿಡುತ್ತಿದ್ದಳು. ಯಾರೂ ಉಡದ ಬಟ್ಟೆಗಳು.

ಕ್ಲೇರ್ ಹುಲ್ಲುಗಾವಲಿನಲ್ಲಿ ಹೆನ್ರಿಗೆ ಬಟ್ಟೆ ಇಡುವುದನ್ನು ಓದುವಾಗ ನನಗೆ ಕಂಡದ್ದು ಆ ಹಗ್ಗ.

ಹಾಗಾಗಿ ‘ಅವಳು ಬರೀ ಕಾಯುತ್ತಾಳೆ’ ಅನ್ನುವ ಟೀಕೆಯಲ್ಲಿ ನನ್ನ ತಕರಾರಿರುವುದು ‘ಬರೀ’ ಅನ್ನುವ ಪದದ ಬಗ್ಗೆ. ಕಾಯುವುದೆಂದರೆ ಕಿಟಕಿ ಪಕ್ಕ ಕೂರುವುದಲ್ಲ. ಅಮ್ಮ ಕಾಯುತ್ತಲೇ ಮೂವತ್ತು ಮಕ್ಕಳ ಕ್ಲಾಸು ನಡೆಸಿದಳು, ಅತ್ತೆಯ ಕಾಲುಮುರಿತ ನೋಡಿಕೊಂಡಳು, ಸೋರುವ ಹೆಂಚು ಬದಲಾಯಿಸಿದಳು, ಎರಡೆಕ್ರೆ ಕಾಫಿಯ ಕೂಲಿಲೆಕ್ಕ ಬರೆದಳು. ಕ್ಲೇರಳನ್ನು ಪೆನೆಲೊಪಿಗೆ ಹೋಲಿಸುತ್ತಾರೆ, ಕಾದಂಬರಿಯ ಕೊನೆಯಲ್ಲಿ ‘ಒಡಿಸ್ಸಿ’ಯ ಸಾಲುಗಳನ್ನೂ ಇಟ್ಟಿದ್ದಾರೆ. ಆದರೆ ಪೆನೆಲೊಪಿಯೂ ಇಪ್ಪತ್ತು ವರ್ಷ ಸುಮ್ಮನೆ ಕೂತಿರಲಿಲ್ಲ. ಮನೆಗೆ ನುಗ್ಗಿ ಕೂತವರನ್ನು ಹಗಲು ನೇಯ್ದು ರಾತ್ರಿ ಬಿಚ್ಚಿ ದೂರ ಇಟ್ಟವಳು ಅವಳು.

ಕಾದಂಬರಿಯ ಮೇಲೆ ನನ್ನ ದೂರು ಬೇರೆಯೇ. ಕಾಯುವ ಹೆಂಗಸನ್ನು ಅದು ತೋರಿಸುತ್ತದೆ, ಕಾಯುವವಳ ಕೆಲಸವನ್ನು ಅರ್ಧ ಮಾತ್ರ ತೋರಿಸುತ್ತದೆ. ಕ್ಲೇರಳಿಗೆ ಒಂದು ಕಲೆಯಿದೆ, ಕಾಗದದಿಂದ ಶಿಲ್ಪಗಳನ್ನು ಮಾಡುತ್ತಾಳೆ, ಆ ಪುಟಗಳು ಚೆನ್ನಾಗಿವೆ. ಆದರೆ ಅವಳಿಗೆ ಸ್ಟುಡಿಯೋ ಬೇಕಾದಾಗ, ಮುಂದಿನ ಕಾಲ ಬಲ್ಲ ಹೆನ್ರಿ ಲಾಟರಿ ಗೆದ್ದು ಮನೆ ಕೊಳ್ಳುತ್ತಾನೆ. ಒಂದೇ ಏಟಿಗೆ ಹಣದ ಚಿಂತೆ ಮಾಯ. ದೂರ ಹೋದವನ ಮನೆಯಲ್ಲಿ ಉಳಿದವಳ ಬದುಕಿನ ಮುಕ್ಕಾಲು ಪಾಲು ಆ ಚಿಂತೆಯೇ ಆಗಿರುತ್ತದೆ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಹಂಬಲ ಮಾತ್ರ. ಬರೀ ಹಂಬಲವನ್ನು ಓದಿದವರು ‘ಬರೀ ಕಾಯುತ್ತಾಳೆ’ ಅನ್ನುವುದರಲ್ಲಿ ಆಶ್ಚರ್ಯವೂ ಇಲ್ಲ.

ಕೊನೆಯ ಭಾಗವನ್ನೂ ಅಮ್ಮನಿಗೆ ಹೇಳಿದೆ. ಹೆನ್ರಿ ನಲವತ್ಮೂರಕ್ಕೆ ಸಾಯುತ್ತಾನೆ. ಸಾಯುವ ಮುಂಚೆ ಪತ್ರ ಬರೆದಿಟ್ಟಿರುತ್ತಾನೆ. ಕಾಯುವುದನ್ನು ನಿಲ್ಲಿಸು, ನಿನ್ನ ಬದುಕನ್ನು ಬದುಕು ಅನ್ನುತ್ತಾನೆ. ಅದೇ ಪತ್ರದಲ್ಲಿ, ನೀನು ಮುದುಕಿಯಾಗಿರುವಾಗ ನಿನ್ನ ಬಳಿ ಬಂದಿದ್ದೇನೆ ಅಂತಲೂ ತಿಳಿಸುತ್ತಾನೆ. 2053ರಲ್ಲಿ, ಎಂಬತ್ತೆರಡರ ಕ್ಲೇರ್ ಆ ಭೇಟಿಗಾಗಿ ಕೂತಿರುತ್ತಾಳೆ. ಓದಿದವರಲ್ಲಿ ಎಷ್ಟೋ ಜನ ಅತ್ತಿದ್ದಾರೆ. ಎಷ್ಟೋ ಜನ ಪುಸ್ತಕ ಎಸೆದಿದ್ದಾರೆ.

‘ಬರ್ತೇನೆ ಅಂತ ಹೇಳಿದ ಮೇಲೆ ಕಾಯಬೇಡ ಅನ್ನೋದು ಬಾಯಿಮಾತು’ ಅಂದಳು ಅಮ್ಮ.

ಆಗ ನಾನು ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದೆ. ‘ನಿನಗೆ ಬೇರೆ ದಾರಿ ಇತ್ತಾ ಅಮ್ಮ?’

ಹೆಚ್ಚಿದ ಕಣಿಲೆಯನ್ನು ನೀರಿಗೆ ಹಾಕಿ ಕೈ ತೊಳೆದಳು. ‘ಮಿಲಿಟ್ರಿ ಹುಡುಗ ಅಂತ ಗೊತ್ತಿದ್ದೇ ಮದುವೆ ಆದದ್ದು. ಎಲ್ಲರೂ ಅದನ್ನೇ ಹೇಳ್ತಿದ್ದರು, ಗೊತ್ತಿತ್ತಲ್ಲ ಅಂತ. ಗೊತ್ತಿರೋದು ಬೇರೆ, ಒಪ್ಪಿರೋದು ಬೇರೆ. ಒಪ್ಪಿದ್ದೀಯಾ ಅಂತ ನಿನ್ನ ಅಪ್ಪ ಕೇಳಿದ್ದು ಒಂದೇ ಸಲ, ಪೆನ್ಷನ್ ಆಗಿ ಬಂದಮೇಲೆ.’

‘ಎಂತ ಹೇಳಿದೆ?’

‘ಈಗ ಕೇಳಿ ಎಂತ ಪ್ರಯೋಜನ ಅಂದೆ. ಮೂರು ದಿನ ಮಾತಾಡಲಿಲ್ಲ ಅವರು. ಆಮೇಲೆ ಬೆಳಗಿನ ಕಾಫಿ ಅವರೇ ಮಾಡಲು ಶುರುಮಾಡಿದರು. ಈಗಲೂ ಮಾಡ್ತಾರಲ್ಲ.’

ಆ ಕಾದಂಬರಿಯ ಮೇಲೆ ಇಪ್ಪತ್ತು ವರ್ಷದಿಂದ ನಡೆಯುತ್ತಿರುವ ಜಗಳವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಓದಿಲ್ಲ. ಕ್ಲೇರಳಿಗೆ ಮದುವೆಗೆ ಎಷ್ಟೋ ಮೊದಲೇ ಗೊತ್ತಿತ್ತು. ಗೊತ್ತಿತ್ತು ಅನ್ನುವುದನ್ನೇ ಕಾದಂಬರಿ ಒಪ್ಪಿಗೆಯ ಲೆಕ್ಕಕ್ಕೆ ಹಿಡಿಯುತ್ತದೆ. ಆಗಿಹೋದದ್ದನ್ನು ಬದಲಾಯಿಸಲಾಗದು ಅನ್ನುವುದು ಆ ಕಥೆಯ ನಿಯಮ, ಹಾಗಾಗಿ ಕೇಳುವ ಗೋಜೇ ಇಲ್ಲ. ನಮ್ಮ ಮನೆಗಳಲ್ಲಿ ಆ ನಿಯಮ ಇಲ್ಲ. ಆದರೂ ‘ಗೊತ್ತಿತ್ತಲ್ಲ’ ಅನ್ನುತ್ತೇವೆ. ಗಂಡ ಸೈನ್ಯದಲ್ಲಿದ್ದರೂ ಅಷ್ಟೆ, ಹಡಗಿನಲ್ಲಿದ್ದರೂ ಅಷ್ಟೆ, ಆನ್‌ಸೈಟ್‌ನಲ್ಲಿದ್ದರೂ ಅಷ್ಟೆ. ಐಟಿ ಹುಡುಗ, ಗೊತ್ತಿತ್ತಲ್ಲ.

ಆ ರಾತ್ರಿ ಗಂಡನಿಗೆ ಫೋನ್ ಮಾಡಲಿಲ್ಲ. ಕೂತು ಒಂದು ಪಟ್ಟಿ ಬರೆದೆ. ಹೆನ್ರಿಯದರ ಹಾಗೆ ತಾರೀಕುಗಳಲ್ಲ, ಕೆಲಸಗಳು. ಮಾವನನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವುದು. ಮಗಳಿಗೆ ಜ್ವರ ಬಂದ ದಿನ ರಜೆ ಹಾಕುವುದು. ಸ್ಕೂಲ್ ವ್ಯಾನ್ ಕೈಕೊಟ್ಟ ದಿನ. ಹೋಮ್ ಲೋನ್, ಇನ್ಶೂರೆನ್ಸ್ ಕ್ಲೇಮು, ನೀರಿನ ಟ್ಯಾಂಕರ್. ‘ಅಪ್ಪ ಯಾವಾಗ ಬರ್ತಾರೆ’ ಅಂತ ಮಗಳು ದಿನಾ ಕೇಳಿದಾಗ ಉತ್ತರ ಹೇಳುವುದು. ನಲವತ್ತೊಂದು ಸಾಲಾಯಿತು. ಕೊನೆಯಲ್ಲಿ, ‘ಇದೆಲ್ಲ ಈಗ ನಿನಗೂ ಗೊತ್ತಿದೆ. ನಾನಿನ್ನೂ ಒಪ್ಪಿಲ್ಲ. ಕೇಳು’ ಅಂತ ಬರೆದು ವಾಟ್ಸಾಪ್ ಮಾಡಿದೆ.

ಎರಡು ನೀಲಿ ಗೆರೆ ಬಂದವು. ಬಹಳ ಹೊತ್ತಿನ ಮೇಲೆ ಅವನೇ ಫೋನ್ ಮಾಡಿದ.

‘ಇದರಲ್ಲಿ ಹದಿನಾರನ್ನು ನಾನು ಅಲ್ಲಿಂದಲೇ ಮಾಡಬಹುದು’ ಅಂದ.

‘ಇನ್ನು ಇಪ್ಪತ್ತೈದು?’

ಅವನು ಇನ್ನೂ ಉತ್ತರ ಕೊಟ್ಟಿಲ್ಲ. ಆಫೀಸಿಗೆ ಹೂಂ ಅಥವಾ ಊಹೂಂ ಹೇಳಲು ಅವನಿಗೆ ಶುಕ್ರವಾರದವರೆಗೆ ಸಮಯವಿದೆ.