ಪೇಟೆ ಮನೆ ಕಥೆ, ಭಾಗ 4: ಗುಬ್ಬಿಯಿಂದ ಬರಬೇಕಿದ್ದ ಸಹಿ

"ಆಮೇಲೇನಾಯ್ತು, ಮನೆ ಸಿಕ್ತಾ?" ಅಂತ ಹೋದ ಪೋಸ್ಟಲ್ಲಿ ಕೇಳಿದ್ರಲ್ಲ, ಇವತ್ತು ಪೂರ್ತಿ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ.

ಹೊಸಬರಿಗೆ: ತುಮಕೂರು ಚಿಕ್ಕಪೇಟೆಯಲ್ಲಿ ಒಂದು ಹಳೇ ವಠಾರ. ಮುಂದೆ ಜಗಲಿ, ಒಳಗೆ ಉದ್ದಕ್ಕೆ ಅಂಗಳ, ಎರಡೂ ಕಡೆ ಸೇರಿ ಆರು ಮನೆ, ಆರಕ್ಕೂ ಒಂದೇ ನಲ್ಲಿ. ನಮ್ಮ ತಾತ ಕುಣಿಗಲ್ ಕಡೆಯ ಹಳ್ಳಿಯಿಂದ ಬಂದು ಮಂಡಿಪೇಟೆಯಲ್ಲಿ ಲೆಕ್ಕ ಬರೀತಿದ್ದಾಗ ಇಲ್ಲೇ ಮೂರನೇ ಮನೆ ಬಾಡಿಗೆಗೆ ಹಿಡಿದ್ರು. ಅಪ್ಪ ಹುಟ್ಟಿದ್ದೂ ಅಲ್ಲೇ. ವಠಾರ ಮಾರ್ತಾರೆ ಅಂತ ಗೊತ್ತಾದಾಗ ಅಪ್ಪ ಕುಣಿಗಲ್ ಜಮೀನು ಕೊಟ್ಟುಬಿಟ್ರು. ಮಿಕ್ಕಿದ್ದಕ್ಕೆ ಬ್ಯಾಂಕ್ ಸಾಲ, 28 ಲಕ್ಷ.

ಅವಸರ ಇತ್ತು. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರ್ತು. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಲ್ಲಿ ಹೆಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು. ನಮ್ಮ ಬೀದಿಯಲ್ಲಿ ಹೆಂಚಿನ ಮನೆ ಒಂದೊಂದೇ ಬೀಳ್ತಾ ಇವೆ, ಅಲ್ಲೆಲ್ಲ ಕಾಂಪ್ಲೆಕ್ಸ್. ಈ ವಠಾರನೂ ಒಬ್ಬ ಬಿಲ್ಡರ್ ಕೇಳಿದ್ರು. ಮೇಲಿಂದ ಬ್ರೋಕರ್ ಬೇರೆ: "ಆಗಸ್ಟ್ 31ರಿಂದ ರಿಜಿಸ್ಟ್ರೇಷನ್ ಫೀ ಶೇ. 1ರಿಂದ 2 ಆಗುತ್ತೆ ಸಾರ್. ಅಷ್ಟರೊಳಗೆ ಮುಗಿಸಿಬಿಡಿ."

ಓನರ್ ತೀರ್ಕೊಂಡು ಬಹಳ ವರ್ಷ ಆಗಿದೆ, ಅವರ ಹೆಂಡತಿನೂ ಇಲ್ಲ. ಮೂವರು ಗಂಡುಮಕ್ಕಳು ಸಹಿಗೆ ರೆಡಿ. ಇಸಿ ತೆಗೆಸಿದ್ವಿ, ಕ್ಲೀನ್. ಲಾಯರ್ ಎಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಇವರಿಗೆ ಅಕ್ಕ ತಂಗಿ ಯಾರೂ ಇಲ್ವಾ?"

ಅಪ್ಪ ಸುಮ್ಮನಾದ್ರು. ಇದ್ರು. ಗುಬ್ಬಿಗೆ ಕೊಟ್ಟಿದ್ರು. ಅಪ್ಪನಿಗೆ ಅದು ಗೊತ್ತಿತ್ತು, ಆದ್ರೂ ಬಾಯಿ ಬಿಟ್ಟಿರಲಿಲ್ಲ.

"ಅವರ ಮದುವೆ 1994ಕ್ಕಿಂತ ಮುಂಚೆ ಆಗಿದೆ, ಪಾಲಿಲ್ಲ" ಅಂದ ಬ್ರೋಕರ್. ಇಲ್ಲಿ ಗಮನ ಕೊಡಿ, ನಿಮ್ಮ ಮನೇಲೂ ಬೇಕಾಗಬಹುದು. ಲಾಯರ್ ಹೇಳಿದ್ದಿಷ್ಟು. ಆ 1994ರ ಮಾತು ಪಿತ್ರಾರ್ಜಿತ ಆಸ್ತಿಗೆ ಸಂಬಂಧಪಟ್ಟಿದ್ದು, ಅದನ್ನೂ 2005ರ ತಿದ್ದುಪಡಿ ಬದಲಾಯಿಸಿದೆ. ಈ ವಠಾರ ಓನರ್ ಸ್ವಂತ ದುಡಿಮೆಯಲ್ಲಿ ಕೊಂಡಿದ್ದು, ವಿಲ್ ಬರೆದಿಲ್ಲ. ಅಂಥದ್ದಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿದೆ. ಮದುವೆ ಯಾವಾಗ ಆಯ್ತು ಅನ್ನೋದು ಲೆಕ್ಕಕ್ಕೇ ಇಲ್ಲ. "ಇಸಿ ತೋರಿಸೋದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಮಗಳು ಹುಟ್ಟಿದ್ದನ್ನ ಅದು ತೋರಿಸಲ್ಲ. ವಂಶವೃಕ್ಷ ಕೇಳಿ" ಅಂದ್ರು.

ಭಾನುವಾರ ಅಪ್ಪನೂ ನಾನೂ ಗುಬ್ಬಿ ಬಸ್ ಹತ್ತಿದ್ವಿ.

ಬಾಗಿಲು ತೆಗೆದವರು ಅಪ್ಪನ್ನ ಎರಡು ನಿಮಿಷ ನೋಡಿದ್ರು. "ಮೂರನೇ ಮನೆ ಕುಣಿಗಲ್‌ನೋರ ಮಗ ಅಲ್ವೇನಪ್ಪ ನೀನು?" ಅಪ್ಪ "ಹೂಂ ಅಕ್ಕೋರೆ" ಅಂದ್ರು. ಐವತ್ತೆಂಟು ವರ್ಷದ ಅಪ್ಪ ಆ ಕ್ಷಣ ಬಾಡಿಗೆ ಮನೆ ಹುಡುಗನ ಹಾಗೆ ಚಾಪೆ ತುದಿಯಲ್ಲಿ ಕೂತಿದ್ರು.

ವಿಷಯ ಕೇಳಿ ಅವರು ರೇಗಲಿಲ್ಲ. "ಮನೆ ಮಾರ್ತಿದಾರೆ ಅನ್ನೋದೇ ನಿಮ್ಮಿಂದ ಗೊತ್ತಾಯ್ತು" ಅಂದ್ರು. ಕಾಫಿ ಕೊಟ್ರು. "ಸಹಿ ಹಾಕ್ತೀನಿ. ನನ್ನ ಪಾಲಿಂದು ನನ್ನ ಹೆಸರಿಗೇ ಬೇರೆ ಡಿಡಿ ಕೊಡಿ. ತಮ್ಮಂದಿರ ಕೈಗೆ ಬೇಡ." ನಾವು ಹೊರಟಾಗ ಬಾಗಿಲಲ್ಲಿ ನಿಂತು ಕೇಳಿದ್ರು: "ಕೊನೇ ಮನೆ ಟೈಲರಮ್ಮ ಇದಾರಾ? ಅವರನ್ನೇನ್ ಮಾಡ್ತೀರಾ?"

ಅಪ್ಪನ ಹತ್ರ ಉತ್ತರ ಇರಲಿಲ್ಲ.

ತಮ್ಮಂದಿರು ಮುನಿಸ್ಕೊಂಡು ಒಂದು ತಿಂಗಳು ಎಳೆದಾಡಿದ್ರು. ಅಷ್ಟರಲ್ಲಿ ಫೀ ಏರಿತ್ತು, ನಮಗೆ ₹60,000 ಹೆಚ್ಚು ಬಿತ್ತು. ರಿಜಿಸ್ಟ್ರೇಷನ್ ದಿನ ನಾಲ್ಕೂ ಜನ ಹೆಬ್ಬೆಟ್ಟು ಒತ್ತಿದ್ರು. ಅಕ್ಕೋರು ಡಿಡಿ ಮೇಲಿನ ಹೆಸರನ್ನ ಎರಡು ಸಲ ಓದಿಕೊಂಡು ಬ್ಯಾಗಿಗೆ ಹಾಕ್ಕೊಂಡ್ರು.

ಈಗ ಮನೆ ನಮ್ಮದು. ಎರಡು ಮನೆ ಸೇರಿಸಿ ನಾವಿದೀವಿ, ನಾಲ್ಕು ಬಾಡಿಗೆಗೆ. ಬರೋದು ₹8,600, ಇಎಂಐ ₹24,000. ಬಾಡಿಗೆ ಏರಿಸಲೇಬೇಕಾಯ್ತು. ಎರಡು ಸಂಸಾರ ಖಾಲಿ ಮಾಡಿಕೊಂಡು ಹೋದ್ರು. ಪೇಟೆ ಬದಲಾಗ್ತಿದೆ ಅಂತ ಇಲ್ಲೇ ಎಷ್ಟು ಪೋಸ್ಟ್ ಹಾಕಿದೀನಿ! ಆ ಎರಡು ಮನೆಯವರ ಪಾಲಿಗೆ ಬದಲಾವಣೆ ಅಂದ್ರೆ ನಾವೇ. ಗುಬ್ಬಿ ಅಕ್ಕೋರಿಗೆ ಪಾಲು ಕೊಡಿಸೋಕೆ ಒಂದು ಕಾಯ್ದೆ ಇತ್ತು. ಇವರನ್ನ ಯಾವ ವಂಶವೃಕ್ಷದಲ್ಲಿ ಹುಡುಕೋದು?

ಟೈಲರಮ್ಮನ ಬಾಡಿಗೆ ಮಾತ್ರ ಅಪ್ಪ ಮುಟ್ಟಿಲ್ಲ. ಮೂವತ್ತೊಂದು ವರ್ಷದಿಂದ ಇದಾರೆ, ಈಗ ₹1,800. "ಅವರು ಇರೋವರೆಗೆ ಇರಲಿ" ಅಂದ್ರು. ಅಮ್ಮನಿಗೆ ಸಿಟ್ಟಿದೆ, ಲೆಕ್ಕ ನೋಡೋದು ಅವಳೇ ಅಲ್ವಾ. ಅವಳದ್ದೂ ತಪ್ಪಲ್ಲ.

ಫೋಟೋದಲ್ಲಿರೋದು ಕೊನೇ ಮನೆ ಕಿಟಕಿ. ಹೊಲಿಗೆ ಮಿಷನ್ ಕಾಣುತ್ತಲ್ಲ, ಅದೇ.

ನಿಮ್ಮ ಮನೆ ಪತ್ರದಲ್ಲಿ ಅತ್ತೆಯರ ಸಹಿ ಇದೆಯಾ? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ ನೋಡಿ. ಏನಂದ್ರು ಅಂತ ಕಮೆಂಟಲ್ಲಿ ಹೇಳಿ.

ಭಾಗ 5ರಲ್ಲಿ: ಸೋರೋ ತಾರಸಿ.

#ಪೇಟೆಮನೆಕಥೆ #ತುಮಕೂರು #ಚಿಕ್ಕಪೇಟೆ #ಗುಬ್ಬಿ #ಕುಣಿಗಲ್ #ವಠಾರ