ಅಕ್ಕಿಯಿಂದ ಅನ್ನದವರೆಗೆ

ಅಕ್ಕಿಗೂ ಅನ್ನಕ್ಕೂ ಇರುವ ಅಂತರ ಕೇವಲ ಒಂದು ಒಲೆಯಷ್ಟೆಂದು ತೋರಬಹುದು. ಆದರೆ ಶಾಲಾಮಕ್ಕಳ ಆಹಾರನೀತಿಯಲ್ಲಿ ಸಮತೆಯ ಪ್ರಶ್ನೆಯೆಲ್ಲ ಆ ಅಂತರದಲ್ಲಿಯೇ ಅಡಗಿತ್ತು.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರವು ಪ್ರಾಥಮಿಕ ಶಾಲೆಗಳ ಆಹಾರ ಯೋಜನೆಯನ್ನು ಆರಂಭಿಸಿತಷ್ಟೆ. ಬಹುತೇಕ ರಾಜ್ಯಗಳು ಮಗುವಿಗೆ ತಿಂಗಳಿಗೆ 3 ಕಿಲೋಗ್ರಾಂ ಧಾನ್ಯವನ್ನು ಅಳೆದುಕೊಟ್ಟು ಕೃತಾರ್ಥವಾದವು. ಆ ಧಾನ್ಯ ಮನೆಯ ಮಡಕೆಯಲ್ಲಿ ಬೆರೆಯಿತು. ಎಲ್ಲರ ಬಳಿಕ ಉಣ್ಣುವ ಹೆಣ್ಣುಮಗುವಿನ ಪಾಲಿಗೆ ಅದರಲ್ಲೆಷ್ಟು ಉಳಿಯಿತೆಂಬುದನ್ನು ಯಾವ ಹಾಜರಿ ಪುಸ್ತಕವೂ ಹೇಳಲಾರದು. ಶಾಲೆಯಲ್ಲಿಯೇ ಬಡಿಸಬೇಕೆಂಬ ವಿವೇಕ ಮದ್ರಾಸ್ ರಾಜ್ಯದಲ್ಲಿ ಕಾಮರಾಜರ ಆಡಳಿತದಲ್ಲಿ, 1956ರಲ್ಲಿಯೇ, ಮೂಡಿತ್ತು, 1982ರಲ್ಲಿ ಎಂ. ಜಿ. ರಾಮಚಂದ್ರನ್ ಅದನ್ನು ವಿಸ್ತರಿಸಿದರು. ಉಳಿದ ರಾಜ್ಯಗಳಿಗೆ ಈ ಮಾತನ್ನು ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು. 2001ರ ನವೆಂಬರ್ 28ರ ಅದರ ಆದೇಶ ಬೇಯಿಸಿದ ಊಟವನ್ನೇ ವಿಧಿಸಿತು: ದಿನಕ್ಕೆ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷದಲ್ಲಿ 200 ದಿನ.

ಕರ್ನಾಟಕದಲ್ಲಿ ಇದು 2002ರ ಜೂನಿನಲ್ಲಿ ಬೀದರ, ಗುಲಬರ್ಗಾ, ರಾಯಚೂರು ಮೊದಲಾದ ಏಳು ಜಿಲ್ಲೆಗಳಲ್ಲಿ ಮೊದಲಾಯಿತು. ಹೆಸರು ‘ಅಕ್ಷರ ದಾಸೋಹ’. ಸರ್ಕಾರದ ಕಡತಗಳಿಂದ ಇಂಥ ಸಾರ್ಥಕ ನಾಮಕರಣ ಹೊರಡುವುದು ವಿರಳ. ದಾನವೆಂದರೆ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ‘ದಾಸೋಹಂ’ ಎಂಬಲ್ಲಿಯಾದರೋ ಬಾಗಿದವನು ನೀಡುವವನೇ ಹೊರತು ಉಣ್ಣುವವನಲ್ಲ. ದಾನಿಗಳು ಈ ಪದವಿವೇಚನೆಯನ್ನು ಮನ್ನಿಸಬೇಕು. 2013ರ ಆಹಾರ ಭದ್ರತಾ ಕಾಯಿದೆಯಾದ ಮೇಲಂತೂ ಆ ಊಟ ಮಗುವಿನ ಹಕ್ಕೇ ಆಗಿದೆ. ಹಂಗಿನ ಮಾತಿಗೆ ಎಡೆಯಿಲ್ಲ.

ಕಾಳು ಮನೆಗೆ ಹೋದಾಗ ಕೇರಿ ಕೇರಿಯಾಗಿಯೇ ಉಳಿಯಿತು. ಅನ್ನ ಶಾಲೆಯಲ್ಲಿ ಬೆಂದಾಗ ಪಂಕ್ತಿಯೊಂದು ಬೇಕಾಯಿತು. ಪಂಕ್ತಿಭೇದವೆಂಬ ಪ್ರಾಚೀನ ವ್ಯಾಧಿಗೆ ಅಲ್ಲಿ ದಿನನಿತ್ಯ ಪರೀಕ್ಷೆ. ಬೇಯಿಸುವವರಾರು ಎಂಬ ಪ್ರಶ್ನೆ ಅದಕ್ಕಿಂತ ಕಠಿನ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಸಲ್ಲಬೇಕೆಂದು 2004ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯ ಆದೇಶಿಸಿತು. ಆಕೆ ಬೇಯಿಸಿದಳೆಂಬ ಏಕೈಕ ಕಾರಣಕ್ಕೆ ಹಿರಿಯರು ಮಕ್ಕಳನ್ನು ಊಟದಿಂದ ತಡೆದ ಪ್ರಸಂಗಗಳು ಈ ರಾಜ್ಯದಿಂದಲೂ ವರದಿಯಾಗಿವೆ. ತಡೆದವರು ಹಿರಿಯರು; ಹಸಿದದ್ದು ಮಕ್ಕಳು.

ಇನ್ನು ಆ ಅಡುಗೆಯಾಕೆಯ ಸ್ಥಿತಿ. ಮಧ್ಯಾಹ್ನದ ಗಂಟೆಗೆ ಮುನ್ನ ಅನ್ನ ಸಾರು ಸಿದ್ಧವಾಗಬೇಕು, ಬಳಿಕ ಪಾತ್ರೆಗಳು ಬೆಳಗಬೇಕು. ಆಕೆಗೆ ಸಲ್ಲುವುದು ವೇತನವಲ್ಲ, ‘ಗೌರವಧನ’. ಈ ಸಮಾಸದಲ್ಲಿ ಪೂರ್ವಪದವೇನೋ ಧಾರಾಳವಾಗಿದೆ. ಉತ್ತರಪದದ ಹೆಚ್ಚಳಕ್ಕಾಗಿ ಆ ಮಹಿಳೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಮತ್ತೆ ಮತ್ತೆ ಧರಣಿ ಕುಳಿತಿದ್ದಾರೆ.